ತಂತ್ರಾಂಶ ಅಪ್‌ಡೇಟ್ ಮಾಡಿದ ನಂತರ ಎಂಪಿ3 ಪ್ಲೇಯರ್ ಕೆಟ್ಟುಹೋದಲ್ಲಿ ಗ್ರಾಹಕರು ಅನುಸರಿಸಬೇಕಾದ ಕ್ರಮಗಳು

1. ಪೀಠಿಕೆ

ಹಾಡು, ಪ್ರವಚನ ಹಾಗೂ ಸ್ವಂತ ಧ್ವನಿಮುದ್ರಣಗಳನ್ನು ಕೇಳಲು ಬಳಸಲಾಗುವ ಕಿಸೆ ಗಾತ್ರದ ಎಂಪಿ3 ಪ್ಲೇಯರ್‌ಗಳು 1998ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದವು. 2001ರಲ್ಲಿ ಬಿಡುಗಡೆಯಾದ ಐಪಾಡ್ ಇವುಗಳನ್ನು ಮನೆಮಾತಾಗಿಸಿತು. ಐಪಾಡ್‌ನ ತಯಾರಿಕೆಯು 2022ರ ಮೇ ತಿಂಗಳಲ್ಲಿ ಸ್ಥಗಿತಗೊಂಡಿದ್ದು, ಇಂದು ಈ ಕೆಲಸವನ್ನು ಬಹುಮಟ್ಟಿಗೆ ಮೊಬೈಲ್ ಫೋನ್‌ಗಳೇ ನಿರ್ವಹಿಸುತ್ತಿವೆ. ಆದಾಗ್ಯೂ ಪ್ರತ್ಯೇಕ ಪ್ಲೇಯರ್‌ಗಳು, ಧ್ವನಿಮುದ್ರಕಗಳು ಹಾಗೂ ಹಾಡುಗಳನ್ನು ಮೊದಲೇ ತುಂಬಿ ಮಾರುವ ಸಾಧನಗಳು ಇಂದಿಗೂ ಬಳಕೆಯಲ್ಲಿವೆ.

ಇಂತಹ ಸಾಧನಗಳು ಯಂತ್ರಭಾಗಗಳಿಂದ ಮಾತ್ರವಲ್ಲದೆ ಅವುಗಳೊಳಗಿನ ತಂತ್ರಾಂಶದಿಂದಲೂ ನಡೆಯುತ್ತವೆ. ತಯಾರಕರು ಕಾಲಕಾಲಕ್ಕೆ ಕಳುಹಿಸುವ ಅಪ್‌ಡೇಟನ್ನು ಅಳವಡಿಸಿದ ನಂತರ, ಹಿಂದಿನ ದಿನದವರೆಗೆ ಸುಸ್ಥಿತಿಯಲ್ಲಿದ್ದ ಸಾಧನವು ಚಾಲೂ ಆಗದಿರುವುದು, ಹಾಡುಗಳನ್ನು ತೋರಿಸದಿರುವುದು ಅಥವಾ ಬ್ಯಾಟರಿ ಬೇಗನೆ ಬರಿದಾಗುವುದು ಉಂಟು. ಅಂಗಡಿಯವರು ಕಂಪನಿಯನ್ನು ಕೇಳಿರೆಂದೂ, ಕಂಪನಿಯವರು ವಾರಂಟಿ ಮುಗಿದಿದೆಯೆಂದೂ ತಿಳಿಸಿದಾಗ ಗ್ರಾಹಕರು ಸುಮ್ಮನಾಗುವುದು ಸಾಮಾನ್ಯ. ಇಂತಹ ಸಂದರ್ಭದಲ್ಲಿ ಕಾನೂನಿನಲ್ಲಿ ಲಭ್ಯವಿರುವ ಪರಿಹಾರಗಳನ್ನು, ಶಿಕಾರಿಪುರ ತಾಲ್ಲೂಕಿನ ತಾಳಗುಂದ ಹಾಗೂ ನೆರೆಯ ಸೊರಬ ತಾಲ್ಲೂಕಿನ ಗ್ರಾಮಸ್ಥರ ಉಪಯೋಗಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

2. ದೋಷ ಉಂಟಾಗುವ ಬಗೆ

ಸಾಧನದ ಮೂಲ ತಂತ್ರಾಂಶವನ್ನು ಫರ್ಮ್‌ವೇರ್ ಎಂದು ಕರೆಯುತ್ತಾರೆ. ಇದು ಸಾಧನದ ಮೆಮೊರಿಯ ಒಂದು ಭಾಗದಲ್ಲಿರುತ್ತದೆ. ಅಪ್‌ಡೇಟ್ ಮಾಡುವಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲಾಗುತ್ತದೆ. ದೋಷಕ್ಕೆ ಸಾಮಾನ್ಯವಾಗಿ ಕೆಳಕಂಡ ಕಾರಣಗಳಿರುತ್ತವೆ.

(ಅ) ಬರೆಯುವ ಕೆಲಸ ಅರ್ಧದಲ್ಲಿರುವಾಗ ವಿದ್ಯುತ್ ಕಡಿತವಾಗುವುದು, ಬ್ಯಾಟರಿ ಬರಿದಾಗುವುದು ಅಥವಾ ಕಂಪ್ಯೂಟರಿನ ತಂತಿ ಕಳಚುವುದು.
(ಆ) ಬೇರೊಂದು ಮಾದರಿಯ ಸಾಧನಕ್ಕೆ ಮೀಸಲಾದ ತಂತ್ರಾಂಶವನ್ನು ಅಳವಡಿಸುವುದು.
(ಇ) ತಯಾರಕರು ಕಳುಹಿಸಿದ ತಂತ್ರಾಂಶದಲ್ಲಿಯೇ ತಪ್ಪಿರುವುದು.
(ಈ) ಹೊಸ ತಂತ್ರಾಂಶದ ಭಾರವನ್ನು ಹಳೆಯ ಸಾಧನವು ತಾಳದಿರುವುದು.

ಮೊದಲ ಎರಡು ಕಾರಣಗಳು ಬಳಕೆದಾರರ ಕಡೆಯಿಂದ ಉಂಟಾಗಬಹುದು. ಕೊನೆಯ ಎರಡು ಕಾರಣಗಳು ತಯಾರಕರಿಗೆ ಸಂಬಂಧಿಸಿದವು. ದೂರಿನ ಬಲವು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ತೋರಿಸಿಕೊಡುವುದರ ಮೇಲೆ ಅವಲಂಬಿಸಿರುತ್ತದೆ.

3. ಈ ಹಿಂದೆ ನಡೆದ ಕೆಲವು ಪ್ರಕರಣಗಳು

ತಂತ್ರಾಂಶದ ತಪ್ಪಿನಿಂದ ಯಂತ್ರಭಾಗಗಳು ಸರಿಯಿದ್ದರೂ ಸಾಧನ ನಿಂತುಹೋಗಬಹುದೆಂಬುದಕ್ಕೆ 2008ರ ಡಿಸೆಂಬರ್ 31ರ ಘಟನೆಯು ಉತ್ತಮ ನಿದರ್ಶನವಾಗಿದೆ. ಆ ದಿನ ಮೈಕ್ರೋಸಾಫ್ಟ್ ಸಂಸ್ಥೆಯ ಜೂನ್ ಎಂಬ ಪ್ಲೇಯರ್‌ನ 30 ಜಿಬಿ ಮಾದರಿಯ ಸಾಧನಗಳು ಏಕಕಾಲದಲ್ಲಿ ಸ್ತಬ್ಧಗೊಂಡವು. ಅಧಿಕ ವರ್ಷದ 366ನೆಯ ದಿನವನ್ನು ಲೆಕ್ಕಹಾಕುವಲ್ಲಿ ಒಳಗಿನ ಗಡಿಯಾರದ ತಂತ್ರಾಂಶ ತಪ್ಪಿದ್ದೇ ಇದಕ್ಕೆ ಕಾರಣವಾಗಿತ್ತು. ಬ್ಯಾಟರಿಯನ್ನು ಪೂರ್ತಿ ಬರಿದಾಗಿಸಿ, ಮರುದಿನ ಪುನಃ ಚಾಲೂ ಮಾಡುವಂತೆ ಸಂಸ್ಥೆಯು ಸೂಚಿಸಿತು.

ಅಪ್‌ಡೇಟ್‌ನಿಂದ ಸಾಧನದ ವೇಗ ಕುಂಠಿತವಾದ ಕಾರಣಕ್ಕಾಗಿ 2018ರ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರವು ಆಪಲ್ ಸಂಸ್ಥೆಗೆ 1 ಕೋಟಿ ಯೂರೋ ಹಾಗೂ ಸ್ಯಾಮ್‌ಸಂಗ್ ಸಂಸ್ಥೆಗೆ 50 ಲಕ್ಷ ಯೂರೋ ದಂಡ ವಿಧಿಸಿತು. ಈ ಬಗ್ಗೆ ಬಳಕೆದಾರರಿಗೆ ಮಾಹಿತಿ ನೀಡದ ಕಾರಣಕ್ಕಾಗಿ ಫ್ರಾನ್ಸ್ ದೇಶವು 2020ರಲ್ಲಿ ಆಪಲ್ ಸಂಸ್ಥೆಗೆ 2.5 ಕೋಟಿ ಯೂರೋ ದಂಡ ವಿಧಿಸಿತು.

ಭಾರತದಲ್ಲಿ, ಐಒಎಸ್ 18 ಅಪ್‌ಡೇಟ್‌ನ ನಂತರ ಐಫೋನ್‌ಗಳ ಕಾರ್ಯಕ್ಷಮತೆ ಕುಸಿದಿದೆಯೆಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರುಗಳು ಬಂದವು. ಅವುಗಳನ್ನು ಪರಿಶೀಲಿಸಿ, ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮೂಲಕ ಆಪಲ್ ಸಂಸ್ಥೆಗೆ ವಿವರಣೆ ಕೋರಿ ನೋಟೀಸು ನೀಡಲಾಗಿದೆಯೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಶ್ರೀ ಪ್ರಲ್ಹಾದ ಜೋಶಿ ಅವರು 2025ರ ಜನವರಿಯಲ್ಲಿ ಪ್ರಕಟಿಸಿದರು. ಬಿಡಿ ಗ್ರಾಹಕರು ಸಹಾಯವಾಣಿಗೆ ಮಾಡಿದ ಕರೆಗಳೇ ಈ ಕ್ರಮಕ್ಕೆ ಆಧಾರವಾದವು ಎಂಬುದನ್ನು ಗಮನಿಸತಕ್ಕದ್ದು.

4. ದೋಷ ಕಂಡುಬಂದ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

(1) ಸಾಧನವನ್ನು ಪದೇಪದೇ ಚಾಲೂ ಮಾಡಲು ಯತ್ನಿಸಬಾರದು. ಅಧಿಕೃತವಲ್ಲದ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಬಾರದು. ಬಿಚ್ಚಿದ ಸಾಧನದ ದೋಷವು ಯಾರಿಂದಾಯಿತೆಂದು ರುಜುವಾತುಪಡಿಸುವುದು ಕಷ್ಟವಾಗುತ್ತದೆ.

(2) ಪರದೆಯ ಮೇಲೆ ಕಾಣುವ ಸಂದೇಶದ ಛಾಯಾಚಿತ್ರ ತೆಗೆದಿಟ್ಟುಕೊಳ್ಳತಕ್ಕದ್ದು. ಅಪ್‌ಡೇಟ್ ಮಾಡಿದ ದಿನಾಂಕ, ಸಮಯ ಹಾಗೂ ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

(3) ಮೆಮೊರಿ ಕಾರ್ಡ್ ಇದ್ದಲ್ಲಿ ಅದನ್ನು ತೆಗೆದು ಮನೆಯಲ್ಲಿಯೇ ಇರಿಸಿಕೊಂಡು, ಸಾಧನವನ್ನು ಮಾತ್ರ ಸರ್ವೀಸ್ ಸೆಂಟರಿಗೆ ನೀಡತಕ್ಕದ್ದು.

(4) ಸಾಧನದೊಳಗೆ ಸ್ವಂತ ಧ್ವನಿಮುದ್ರಣಗಳಿದ್ದಲ್ಲಿ, ಅವುಗಳನ್ನು ತಮ್ಮ ಒಪ್ಪಿಗೆಯಿಲ್ಲದೆ ಅಳಿಸಬಾರದೆಂದು ಲಿಖಿತವಾಗಿ ತಿಳಿಸಿ, ಜಾಬ್ ಶೀಟ್‌ನಲ್ಲಿ ನಮೂದಿಸುವಂತೆ ಕೇಳತಕ್ಕದ್ದು. ಫ್ಯಾಕ್ಟರಿ ರೀಸೆಟ್ ಮಾಡಿದರೆ ಒಳಗಿನ ಮುದ್ರಣಗಳೆಲ್ಲ ಅಳಿದುಹೋಗುತ್ತವೆ. ಚಾಲೂ ಆಗದ ಸಾಧನದಲ್ಲಿಯೂ ಮುದ್ರಣಗಳು ಉಳಿದಿರುವ ಸಾಧ್ಯತೆಯುಂಟು.

(5) ಜಾಬ್ ಶೀಟ್‌ನಲ್ಲಿ "ಅಪ್‌ಡೇಟ್‌ನ ನಂತರ ದೋಷ ಉಂಟಾಗಿದೆ" ಎಂಬ ವಿವರವಿರುವಂತೆ ನೋಡಿಕೊಂಡು, ಅದರ ಪ್ರತಿಯನ್ನು ತಪ್ಪದೇ ಪಡೆಯತಕ್ಕದ್ದು.

ಮೇಲಿನ (4)ನೆಯ ಅಂಶಕ್ಕೆ ವಿಶೇಷ ಗಮನ ಅಗತ್ಯ. ಉದಾಹರಣೆಗೆ, ಗ್ರಾಮದ ಒಂದು ಕುಟುಂಬವು ತೀರಿಕೊಂಡ ಅಜ್ಜಿಯ ಸೋಬಾನೆ ಪದಗಳನ್ನೋ, ಡೊಳ್ಳಿನ ಮೇಳದ ಹಿರಿಯರ ಹಾಡುಗಳನ್ನೋ ಪ್ಲೇಯರ್‌ನಲ್ಲಿಯೇ ಮುದ್ರಿಸಿ, ಬೇರೆಲ್ಲಿಯೂ ಪ್ರತಿ ಇರಿಸದೇ ಇದ್ದಲ್ಲಿ, ಸಾಧನದ ಬೆಲೆ ಸಾವಿರ ರೂಪಾಯಿಯಾದರೂ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಆಯೋಗವು ಹಣವನ್ನು ಹಿಂದಿರುಗಿಸುವಂತೆ ಆದೇಶಿಸಬಹುದು. ಅಳಿದುಹೋದ ಧ್ವನಿಯನ್ನು ಯಾವ ಆದೇಶವೂ ಹಿಂದಿರುಗಿಸಲಾರದು.

5. ಕಾನೂನಿನ ರಕ್ಷಣೆ

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಇದು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದು, 1986ರ ಅಧಿನಿಯಮದ ಸ್ಥಾನವನ್ನು ಪಡೆಯಿತು. ಇದರನ್ವಯ ಅಂಗಡಿಯಲ್ಲಿ ಖರೀದಿಸಿದವರೂ ಆನ್‌ಲೈನ್‌ನಲ್ಲಿ ಖರೀದಿಸಿದವರೂ ಗ್ರಾಹಕರಾಗಿರುತ್ತಾರೆ. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಖರೀದಿಸಿದವರು ಗ್ರಾಹಕರಾಗುವುದಿಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಖರೀದಿಸಿ ತಾವೇ ಬಳಸುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಸರಕಿನ ಗುಣಮಟ್ಟದಲ್ಲಿನ ಕೊರತೆಯನ್ನು "ದೋಷ" ಎಂದೂ, ಸೇವೆಯಲ್ಲಿನ ಕೊರತೆಯನ್ನು "ಸೇವಾ ನ್ಯೂನತೆ" ಎಂದೂ ಅಧಿನಿಯಮವು ಪರಿಗಣಿಸುತ್ತದೆ. ಮಾರಾಟಕ್ಕೆ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

ಅಧಿನಿಯಮದಲ್ಲಿ "ಉತ್ಪನ್ನ ಹೊಣೆಗಾರಿಕೆ" ಎಂಬ ಪ್ರತ್ಯೇಕ ಅಧ್ಯಾಯವೂ ಇದೆ. ಸಾಧನದ ಬ್ಯಾಟರಿ ಸಿಡಿದು ವ್ಯಕ್ತಿಗೆ ಗಾಯವಾದಲ್ಲಿ ಅಥವಾ ಮನೆಯ ಇತರ ವಸ್ತುಗಳು ಸುಟ್ಟಲ್ಲಿ ಈ ಅಧ್ಯಾಯದಡಿ ಪರಿಹಾರ ಕೋರಬಹುದು. ಸಾಧನಕ್ಕೆ ಮಾತ್ರ ಹಾನಿಯಾಗಿದ್ದಲ್ಲಿ ಈ ಅಧ್ಯಾಯ ಅನ್ವಯಿಸುವುದಿಲ್ಲ. ಆಗ ಸರಕಿನ ದೋಷ ಅಥವಾ ಸೇವಾ ನ್ಯೂನತೆಯ ಆಧಾರದಲ್ಲಿಯೇ ದೂರು ಸಲ್ಲಿಸತಕ್ಕದ್ದು.

6. ದೂರು ಸಲ್ಲಿಸುವ ಹಂತಗಳು

ಮೊದಲನೆಯ ಹಂತ: ಮಾರಾಟಗಾರರಿಗೂ ತಯಾರಕರಿಗೂ ಲಿಖಿತ ದೂರು ನೀಡತಕ್ಕದ್ದು. ಅಂಚೆಯಲ್ಲಿ ಕಳುಹಿಸುವುದಾದರೆ ಸ್ವೀಕೃತಿ ಪಡೆದಿಟ್ಟುಕೊಳ್ಳತಕ್ಕದ್ದು. ಆನ್‌ಲೈನ್ ಖರೀದಿಯಾಗಿದ್ದಲ್ಲಿ ಸದರಿ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯತಕ್ಕದ್ದು. 2020ರ ಇ-ವಾಣಿಜ್ಯ ನಿಯಮಗಳನ್ವಯ ಈ ಅಧಿಕಾರಿಯು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕಾಗಿರುತ್ತದೆ.

ಎರಡನೆಯ ಹಂತ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1915ಕ್ಕೆ ಕರೆ ಮಾಡಿ ದೂರು ನೋಂದಾಯಿಸಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿದೆ. ಸಹಾಯವಾಣಿಯು ಕಂಪನಿಯೊಂದಿಗೆ ಸಂಪರ್ಕಿಸಿ ದಾವೆಯಿಲ್ಲದೆಯೇ ಪರಿಹಾರ ದೊರಕಿಸಲು ಯತ್ನಿಸುತ್ತದೆ. ಆದರೆ ಅದು ನ್ಯಾಯಾಲಯವಲ್ಲ. ಆದೇಶ ಹೊರಡಿಸುವ ಅಧಿಕಾರ ಅದಕ್ಕೆ ಇರುವುದಿಲ್ಲ.

ಮೂರನೆಯ ಹಂತ: ಮೇಲ್ಕಂಡ ಕ್ರಮಗಳಿಂದ ಪರಿಹಾರ ದೊರೆಯದಿದ್ದಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. 2019ರ ಅಧಿನಿಯಮದನ್ವಯ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿದೆ. ಆದುದರಿಂದ ಕಂಪನಿಯ ಕಛೇರಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ತಾಳಗುಂದದ ನಿವಾಸಿಗಳು ಅಲ್ಲಿಗೆ ಅಲೆಯುವ ಅಗತ್ಯವಿಲ್ಲ. ವಿದ್ಯುನ್ಮಾನ ವಿಧಾನದಲ್ಲಿಯೂ ದೂರು ಸಲ್ಲಿಸಬಹುದಾಗಿದ್ದು, 2025ರ ಜನವರಿ 1ರಿಂದ ಇದಕ್ಕಾಗಿ ಇ-ಜಾಗೃತಿ ಜಾಲತಾಣವನ್ನು ಒದಗಿಸಲಾಗಿದೆ. ಕೋರಿಕೆಯ ಮೇರೆಗೆ ವೀಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆ ನಡೆಸಲು ಸಹ ಅಧಿನಿಯಮದಲ್ಲಿ ಅವಕಾಶವಿದೆ.

ಒಂದೇ ಅಪ್‌ಡೇಟ್‌ನಿಂದ ಹಲವು ಗ್ರಾಹಕರಿಗೆ ತೊಂದರೆಯಾಗಿದ್ದಲ್ಲಿ, ಜಿಲ್ಲಾಧಿಕಾರಿಗಳಿಗೆ ಅಥವಾ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಲಿಖಿತವಾಗಿ ಅಥವಾ ವಿದ್ಯುನ್ಮಾನ ವಿಧಾನದಲ್ಲಿ ದೂರು ನೀಡಬಹುದು.

7. ಶುಲ್ಕ ಮತ್ತು ಲಗತ್ತಿಸಬೇಕಾದ ದಾಖಲೆಗಳು

ಸರಕಿಗೆ ಪಾವತಿಸಿದ ಮೊತ್ತವು 50 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರನ್ನು ಜಿಲ್ಲಾ ಆಯೋಗದಲ್ಲಿ ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಯಾವುದೇ ಶುಲ್ಕವಿರುವುದಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ದೂರಿನೊಂದಿಗೆ ಕೆಳಕಂಡವುಗಳನ್ನು ಲಗತ್ತಿಸತಕ್ಕದ್ದು.

(ಅ) ಖರೀದಿ ಬಿಲ್ಲು. ಅದಿಲ್ಲದಿದ್ದಲ್ಲಿ ಹಣ ಪಾವತಿಸಿದ ಬ್ಯಾಂಕ್ ವಿವರ ಅಥವಾ ಇತರ ಪುರಾವೆ
(ಆ) ವಾರಂಟಿ ಕಾರ್ಡ್
(ಇ) ಸರ್ವೀಸ್ ಸೆಂಟರಿನ ಜಾಬ್ ಶೀಟ್ ಹಾಗೂ ರಿಪೇರಿ ವೆಚ್ಚದ ಅಂದಾಜು
(ಈ) ಪತ್ರವ್ಯವಹಾರದ ಪ್ರತಿಗಳು ಮತ್ತು ಸಹಾಯವಾಣಿಯ ನೋಂದಣಿ ಸಂಖ್ಯೆ
(ಉ) ಪರದೆಯ ಛಾಯಾಚಿತ್ರಗಳು
(ಊ) ದೂರನ್ನು ದೃಢೀಕರಿಸುವ ಅಫಿಡವಿಟ್

ದೂರಿನಲ್ಲಿ ಘಟನೆಗಳನ್ನು ದಿನಾಂಕಕ್ಕನುಸಾರವಾಗಿ ಬರೆದು, ಕೋರುವ ಪರಿಹಾರವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ದೋಷ ಸರಿಪಡಿಸುವಿಕೆ, ಬದಲಿ ಸಾಧನ, ಬೆಲೆಯ ಮರುಪಾವತಿ, ನಷ್ಟ ಪರಿಹಾರ ಹಾಗೂ ದಾವೆಯ ವೆಚ್ಚ ಇವುಗಳ ಪೈಕಿ ಸೂಕ್ತವಾದುದನ್ನು ಕೋರಬಹುದು.

8. ಕಾಲಮಿತಿಗಳು

ದೂರು ಸಲ್ಲಿಸಲು: ವ್ಯಾಜ್ಯದ ಕಾರಣ ಉಂಟಾದ ದಿನದಿಂದ 2 ವರ್ಷ. ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಯುತ್ತಿದೆಯೆಂಬ ಮಾತ್ರಕ್ಕೆ ಈ ಅವಧಿ ವಿಸ್ತರಣೆಯಾಗುವುದಿಲ್ಲ. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದಲ್ಲಿ ಮಾತ್ರ ಆಯೋಗವು ಅದನ್ನು ಮನ್ನಿಸಬಹುದು.
ದೂರಿನ ಅಂಗೀಕಾರದ ಬಗ್ಗೆ ತೀರ್ಮಾನ: ಸಾಮಾನ್ಯವಾಗಿ 21 ದಿನ.
ಎದುರುದಾರರ ಉತ್ತರ: 30 ದಿನ, ಆಯೋಗವು ಗರಿಷ್ಠ 15 ದಿನ ಹೆಚ್ಚಿಸಬಹುದು.
ಪ್ರಯೋಗಾಲಯದ ವರದಿ: ಸಾಮಾನ್ಯವಾಗಿ 45 ದಿನ.
ಇತ್ಯರ್ಥ: ಎದುರುದಾರರಿಗೆ ನೋಟೀಸು ತಲುಪಿದ ದಿನದಿಂದ 3 ತಿಂಗಳು, ಪ್ರಯೋಗಾಲಯದ ಪರೀಕ್ಷೆ ಅಗತ್ಯವಿದ್ದಲ್ಲಿ 5 ತಿಂಗಳೊಳಗೆ ಇತ್ಯರ್ಥಪಡಿಸಲು ಆಯೋಗವು ಪ್ರಯತ್ನಿಸತಕ್ಕದ್ದೆಂದು ಅಧಿನಿಯಮವು ತಿಳಿಸುತ್ತದೆ.
ಮೇಲ್ಮನವಿ: ಆದೇಶದ ದಿನದಿಂದ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ.

ಪರೀಕ್ಷೆಯಿಲ್ಲದೆ ದೋಷವನ್ನು ತೀರ್ಮಾನಿಸಲು ಸಾಧ್ಯವಾಗದಿದ್ದಲ್ಲಿ ಆಯೋಗವು ಸಾಧನವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಪರೀಕ್ಷಾ ಶುಲ್ಕವನ್ನು ದೂರುದಾರರು ಠೇವಣಿ ಇಡಬೇಕಾಗಬಹುದು. ಈ ಕಾರಣದಿಂದ ಪ್ರಕರಣ ಮುಗಿಯುವವರೆಗೆ ಕೆಟ್ಟ ಸಾಧನವನ್ನು ಎಸೆಯಬಾರದು ಹಾಗೂ ಗುಜರಿಗೆ ಮಾರಬಾರದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾರಂಟಿ ಮುಗಿದ ನಂತರ ದೋಷ ಕಂಡುಬಂದಲ್ಲಿ ದೂರು ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಆದರೆ ಸಾಧನವು ಸವೆತದಿಂದ ಕೆಡಲಿಲ್ಲ, ತಯಾರಕರೇ ಕಳುಹಿಸಿದ ಅಪ್‌ಡೇಟ್‌ನಿಂದ ಕೆಟ್ಟಿತೆಂಬುದನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಇದಕ್ಕಾಗಿಯೇ ದಿನಾಂಕ, ಆವೃತ್ತಿ ಸಂಖ್ಯೆ ಹಾಗೂ ಜಾಬ್ ಶೀಟ್ ಮುಖ್ಯವಾಗುತ್ತವೆ.

ಪ್ರಶ್ನೆ: ಅಂಗಡಿಯವರು ಚೀಟಿಯಲ್ಲಿ ಬೆಲೆ ಬರೆದುಕೊಟ್ಟಿದ್ದಾರೆ. ಅದು ಸಾಕೇ?
ಉತ್ತರ: ಅಂಗಡಿಯ ಹೆಸರು, ದಿನಾಂಕ ಹಾಗೂ ಮಾದರಿಯ ಸಂಖ್ಯೆಯಿರುವ ಬಿಲ್ಲನ್ನು ಖರೀದಿಯ ವೇಳೆಯಲ್ಲಿಯೇ ಕೇಳಿ ಪಡೆಯತಕ್ಕದ್ದು. ಚೀಟಿ ಮಾತ್ರವಿದ್ದಲ್ಲಿ ಅದನ್ನು ಇತರ ಪುರಾವೆಗಳೊಂದಿಗೆ ಹಾಜರುಪಡಿಸಬಹುದು.

ಪ್ರಶ್ನೆ: ದೂರು ಬರೆಯಲು ನೆರವು ಎಲ್ಲಿ ದೊರೆಯುತ್ತದೆ?
ಉತ್ತರ: ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು. ಕಾನೂನು ಸೇವೆಗಳ ಸಹಾಯವಾಣಿ ಸಂಖ್ಯೆ 15100.

10. ಮುನ್ನೆಚ್ಚರಿಕೆ

ಅಪ್‌ಡೇಟ್ ಮಾಡುವ ಮುನ್ನ ಎಲ್ಲ ಧ್ವನಿಮುದ್ರಣಗಳನ್ನು ಕಂಪ್ಯೂಟರ್ ಅಥವಾ ಮೆಮೊರಿ ಕಾರ್ಡ್‌ಗೆ ನಕಲು ಮಾಡಿಟ್ಟುಕೊಂಡು, ಆ ನಕಲು ಸರಿಯಾಗಿ ಕೇಳುತ್ತದೆಯೇ ಎಂದು ಒಮ್ಮೆ ಪರೀಕ್ಷಿಸತಕ್ಕದ್ದು. ಬ್ಯಾಟರಿಯನ್ನು ಪೂರ್ಣವಾಗಿ ಚಾರ್ಜ್ ಮಾಡಿರತಕ್ಕದ್ದು. ಮಳೆಗಾಲದಲ್ಲಿ ವಿದ್ಯುತ್ ಆಗಾಗ್ಗೆ ಹೋಗುವ ಸಮಯದಲ್ಲಿ ಅಪ್‌ಡೇಟ್ ಕೈಗೊಳ್ಳದಿರುವುದು ಒಳ್ಳೆಯದು. ತಂತ್ರಾಂಶವನ್ನು ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು ಹಾಗೂ ಮಾದರಿಯ ಸಂಖ್ಯೆಯನ್ನು ತಾಳೆ ನೋಡತಕ್ಕದ್ದು.

ಮೊತ್ತ ಚಿಕ್ಕದೆಂಬ ಕಾರಣಕ್ಕೆ ದೂರು ನೀಡದೇ ಇರುವ ಅಗತ್ಯವಿಲ್ಲ. ಅಲ್ಪ ಮೊತ್ತದ ದೂರುಗಳಿಗೆ ಶುಲ್ಕವಿಲ್ಲದಂತೆ ನಿಯಮ ರೂಪಿಸಲಾಗಿದ್ದು, ಗ್ರಾಹಕರು ಈ ಸೌಲಭ್ಯದ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.