ಹಿನ್ನೆಲೆಯ ಬಹುಮಾನ, ಮುನ್ನೆಲೆಯ ಹಾಡು

ಪ್ರಶಸ್ತಿ ಪ್ರಕಟವಾದ ಮರುದಿನ ಹಾಡು ಕೇಳುವವರ ಬಾಯಲ್ಲಿ ಮೊದಲು ಬರುವುದು ತಕರಾರು. ಅವರಿಗೆ ಕೊಟ್ಟರಲ್ಲ, ಇವರೇನು ಕಡಿಮೆಯಿದ್ದರು? ಕೊಟ್ಟದ್ದೇನೋ ಸರಿ, ಆದರೆ ಈ ಹಾಡಿಗೇ ಯಾಕೆ? ಇಂಥ ಗೊಣಗಾಟವನ್ನು ಅಭಿಮಾನದ ಕುರುಡು ಎಂದು ತಳ್ಳಿಹಾಕುವುದು ಸುಲಭ. ಕನ್ನಡ ಚಿತ್ರಗೀತೆಗೆ ಬಂದ ರಾಷ್ಟ್ರಪ್ರಶಸ್ತಿಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತರೆ ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಹಿನ್ನೆಲೆ ಗಾಯನ ಎಂಬ ಹೆಸರಿನಲ್ಲಿ ಕೊಡುವ ಬಹುಮಾನ ಬಹಳಷ್ಟು ಸಲ ಮುನ್ನೆಲೆಗೆ ಬಂದು ನಿಂತ ಹಾಡಿಗೇ ಸಂದಿದೆ. ಕೇಳುಗನಿಗೆ ಇದು ಕಿವಿಯಿಂದಲೇ ತಿಳಿದಿತ್ತು. ತಿಳಿದದ್ದನ್ನು ಹೇಳುವ ಭಾಷೆ ಸಿಗದೆ ಅವನು ಗೊಣಗಿದ, ಅಷ್ಟೆ.

ಗಾಯಕರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಶುರುವಾದದ್ದು 1967ರ ಚಿತ್ರಗಳಿಂದ. ಮೊದಲು ಪಡೆದವರು ‘ಉಪಕಾರ್’ಗೆ ಹಾಡಿದ ಮಹೇಂದ್ರ ಕಪೂರ್. ಮರುವರ್ಷದಿಂದ ಗಾಯಕಿಯರಿಗೂ ಪ್ರತ್ಯೇಕ ಪ್ರಶಸ್ತಿ ಬಂತು, ಅದು ತಮಿಳು ಹಾಡಿಗಾಗಿ ಪಿ. ಸುಶೀಲಾ ಅವರ ಪಾಲಾಯಿತು. ಕನ್ನಡದ ಮಟ್ಟಿಗೆ ಇದೊಂದು ಕೈತಪ್ಪಿದ ಮುಹೂರ್ತವೇ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ, ಪಿ.ಬಿ. ಶ್ರೀನಿವಾಸ್ ಮೂವರೂ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಹಾಡಿದ ‘ಸಂಧ್ಯಾರಾಗ’ ತೆರೆಕಂಡದ್ದು 1966ರಲ್ಲಿ. ಪ್ರಶಸ್ತಿ ಹುಟ್ಟುವ ಹೊತ್ತಿಗೆ ಚಿತ್ರ ಹಳತಾಗಿತ್ತು. ಕನ್ನಡ ಚಿತ್ರದಲ್ಲಿ ಹಾಡಿದ್ದಕ್ಕೆ ಗಾಯಕನಿಗೆ ಈ ಗೌರವ ಬರಲು 1975ರ ‘ಹಂಸಗೀತೆ’ಯೇ ಬರಬೇಕಾಯಿತು. ತ.ರಾ.ಸು. ಕಾದಂಬರಿಯನ್ನು ಜಿ.ವಿ. ಅಯ್ಯರ್ ತೆರೆಗೆ ತಂದ ಆ ಚಿತ್ರದ ಕಥಾನಾಯಕನೇ ಸಂಗೀತ ವಿದ್ವಾಂಸ, ಹಾಡಿದ ಬಾಲಮುರಳಿಕೃಷ್ಣರಂತೂ ಕಚೇರಿಯ ವೇದಿಕೆಯಿಂದಲೇ ಬಂದವರು. ಆಮೇಲೆ ‘ಕಾಡು ಕುದುರೆ’ಗಾಗಿ ಶಿವಮೊಗ್ಗ ಸುಬ್ಬಣ್ಣ, 1992ರ ‘ಜೀವನ ಚೈತ್ರ’ಕ್ಕಾಗಿ ಡಾ. ರಾಜ್‌ಕುಮಾರ್, 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ.

ಈ ನಾಲ್ಕರಲ್ಲಿ ಸುಬ್ಬಣ್ಣನವರದನ್ನು ಸದ್ಯಕ್ಕೆ ಬದಿಗಿಡೋಣ. ಉಳಿದ ಮೂರೂ ಕಡೆ ಸಿನಿಮಾ ತಾನೇ ನಿಂತು, ‘ಇಗೋ ಸಂಗೀತ, ಗಮನವಿಟ್ಟು ಕೇಳಿ’ ಎಂದು ಸಭೆಗೆ ಹೇಳುತ್ತದೆ. ‘ಹಂಸಗೀತೆ’ಯಲ್ಲಿ ಸಂಗೀತವೇ ಕಥೆ. ‘ಜೀವನ ಚೈತ್ರ’ದ ‘ನಾದಮಯ’ದಲ್ಲಿ ಕಥೆ ಪಕ್ಕಕ್ಕೆ ಸರಿದು ರಾಗಾಲಾಪನೆಯೇ ದೃಶ್ಯವಾಗುತ್ತದೆ. ಮೂರನೆಯದು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ಜೀವನಚರಿತ್ರೆ. ಬಹುಮಾನ ಬಂದದ್ದು ಮೋಡ ಕವಿದು ಗುಡುಗುವುದನ್ನು ವರ್ಣಿಸುವ ಒಂದು ಹಿಂದೂಸ್ತಾನಿ ಚೀಜಿಗೆ. ಕನ್ನಡ ಚಿತ್ರದ ಹಾಡಿಗೆ ಪ್ರಶಸ್ತಿ ಬಂತೆಂದು ಹಿಗ್ಗಿದವರಲ್ಲಿ ಎಷ್ಟು ಜನ ಆ ಹಾಡಿನ ಮಾತು ಕನ್ನಡದ್ದಲ್ಲವೆಂದು ಗಮನಿಸಿದರೋ! ಇದು ಕನ್ನಡಕ್ಕೆ ಮಾತ್ರ ಅಂಟಿದ ಚಾಳಿಯಲ್ಲ. ಬಾಲಸುಬ್ರಹ್ಮಣ್ಯಂ ಅವರ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ತೆಲುಗಿನವು ಮೂರು: ‘ಶಂಕರಾಭರಣಂ’, ‘ಸಾಗರ ಸಂಗಮಂ’, ‘ರುದ್ರವೀಣ’. ಒಂದರ ನಾಯಕ ಸಂಗೀತ ವಿದ್ವಾಂಸ, ಇನ್ನೊಂದರಲ್ಲಿ ನರ್ತಕ, ಮತ್ತೊಂದರಲ್ಲಿ ವಿದ್ವಾಂಸನ ಮಗ. ವಾಣಿ ಜಯರಾಂ ಅವರ ಮೂರು ಪ್ರಶಸ್ತಿಗಳು ‘ಅಪೂರ್ವ ರಾಗಂಗಳ್’, ‘ಶಂಕರಾಭರಣಂ’, ‘ಸ್ವಾತಿ ಕಿರಣಂ’ ಚಿತ್ರಗಳಿಗೆ. ಮೂರರಲ್ಲೂ ಹಾಡುವವರದೇ ಕಥೆ. ಚಿತ್ರಾ ಅವರ ಮೊದಲ ರಾಷ್ಟ್ರಪ್ರಶಸ್ತಿ ‘ಸಿಂಧು ಭೈರವಿ’ಯದು, ಹೆಸರೇ ರಾಗದ್ದು.

ಹಿನ್ನೆಲೆ ಗಾಯನದ ಕಸುಬು ಬೇಡುವುದಾದರೂ ಏನನ್ನು? ಕಚೇರಿಯ ವಿದ್ವಾಂಸ ತನ್ನನ್ನು ತೋರಿಸಿಕೊಳ್ಳಬೇಕು, ಹಿನ್ನೆಲೆ ಗಾಯಕ ಅಡಗಿಕೊಳ್ಳಬೇಕು. ಮೂರು–ನಾಲ್ಕು ನಿಮಿಷದಲ್ಲಿ, ಮೈಕಿನ ಹತ್ತಿರ ನಿಂತು, ಇನ್ನೊಬ್ಬನ ಮುಖಕ್ಕೆ ಹೊಂದುವ ದನಿಯಲ್ಲಿ, ಮಾತಿನ ಒಂದಕ್ಷರವೂ ಜಜ್ಜದ ಹಾಗೆ ಹಾಡಿ, ತೆರೆಯ ಮೇಲಿನವನೇ ಹಾಡುತ್ತಿದ್ದಾನೆಂದು ನಂಬಿಸಬೇಕು. ಈ ಅಳತೆಯಲ್ಲಿ ಪಿ.ಬಿ. ಶ್ರೀನಿವಾಸರನ್ನು ಮೀರಿಸಿದವರು ಕನ್ನಡದಲ್ಲಿ ಇಲ್ಲ. ರಾಜ್‌ಕುಮಾರರದು ಶರೀರ, ಶ್ರೀನಿವಾಸರದು ಶಾರೀರ ಎಂಬ ಮಾತು ಗಾದೆಯಂತೆ ಉಳಿದಿರುವುದೇ ಅದಕ್ಕೆ ಸಾಕ್ಷಿ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಬೆನ್ನೇರಿ ರಾಜ್ ತಾವೇ ಹಾಡಿ, ಅಲ್ಲಿಂದ ಮುಂದೆ ತಮ್ಮ ಪಾತ್ರಗಳಿಗೆ ತಾವೇ ದನಿಯಾದರು. ಅಂದರೆ ಪ್ರಶಸ್ತಿ ಶುರುವಾದ ಮೇಲೂ ಏಳು ವರ್ಷ ಈ ಜೋಡಿ ಕೆಲಸ ಮಾಡುತ್ತಿತ್ತು. ಅಷ್ಟು ವರ್ಷಗಳಲ್ಲಿ ದೆಹಲಿಗೆ ಅದು ಕೇಳಿಸಲಿಲ್ಲ. ಅಡಗುವ ಕಲೆಯಲ್ಲಿ ಪೂರ್ತಿ ಗೆದ್ದವನು ತೀರ್ಪುಗಾರರ ಕಿವಿಯಿಂದಲೂ ಅಡಗಿಬಿಟ್ಟ ಎನ್ನಬೇಕೇ?

ಕನ್ನಡ ಚಿತ್ರಗಳೇ ಆ ಮಂಡಳಿಯ ಎದುರು ಹೋಗುತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಗೆ 1969ರಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವ ಬಂತು, ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂತು. ವಿಜಯಭಾಸ್ಕರ್ ಸಂಗೀತದಲ್ಲಿ ಎಸ್. ಜಾನಕಿ ಅದರಲ್ಲಿ ಹಾಡಿದ್ದು ಇಂದಿಗೂ ಕನ್ನಡದ ಮನೆಮನೆಯಲ್ಲಿದೆ. ಆ ವರ್ಷ ಗಾಯಕಿಯ ಪ್ರಶಸ್ತಿ ‘ತುಣೈವನ್’ ಎಂಬ ತಮಿಳು ಭಕ್ತಿಚಿತ್ರಕ್ಕಾಗಿ ಕೆ.ಬಿ. ಸುಂದರಾಂಬಾಳ್ ಅವರಿಗೆ ಹೋಯಿತು. ಆ ಹಿರಿಯಾಕೆಯ ಕಂಠವನ್ನು ಕಡಿಮೆ ಎನ್ನುವ ಎದೆಗಾರಿಕೆ ಯಾರಿಗೂ ಬೇಡ. ಆದರೆ ನಾಟಕರಂಗದಿಂದ ಬಂದ ಆ ತುಂಬುಕಂಠ ತೆರೆಯ ಮೇಲೆ ತನಗಾಗಿ ತಾನೇ ಹಾಡುವುದಕ್ಕೆ ಹೆಸರಾದದ್ದು. ಸಂಗೀತ ನಿರ್ದೇಶನದ ಪಟ್ಟಿಯೂ ಇದೇ ಜಾಡಿನದು. ‘ಋಷ್ಯಶೃಂಗ’, ‘ಘಟಶ್ರಾದ್ಧ’ಗಳಿಗೆ ಬಿ.ವಿ. ಕಾರಂತರು, ‘ಮಧ್ವಾಚಾರ್ಯ’ಕ್ಕೆ ಬಾಲಮುರಳಿಕೃಷ್ಣ, ‘ಗವಾಯಿ’ಗೆ ಹಂಸಲೇಖ. ಹಂಸಲೇಖರ ಹಾಡುಗಳಿಗೆ ಒಂದು ಪೀಳಿಗೆಯೇ ಕುಣಿದಿದ್ದರೂ ರಾಷ್ಟ್ರಪ್ರಶಸ್ತಿಗೆ ಅವರು ಗವಾಯಿಗಳ ಮಠದ ಬಾಗಿಲಿನಿಂದಲೇ ಒಳಹೋಗಬೇಕಾಯಿತು. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್, ಎಂ. ರಂಗರಾವ್ ಆ ಬಾಗಿಲನ್ನು ಕಾಣಲೇ ಇಲ್ಲ.

ಇದಕ್ಕೆ ಎದುರು ಹೇಳುವವರ ಬಳಿಯೂ ಗಟ್ಟಿ ಸಾಮಗ್ರಿಯಿದೆ. ಜಾನಕಿಯವರಿಗೇ ‘ಪದಿನಾರು ವಯದಿನಿಲೆ’, ‘ತೇವರ್ ಮಗನ್’ ಚಿತ್ರಗಳ ಹಳ್ಳಿಯ ಧಾಟಿಯ ತಮಿಳು ಹಾಡುಗಳಿಗೆ ಪ್ರಶಸ್ತಿ ಬಂದಿದೆ. ಎರಡನೆಯದಂತೂ ರಾಜ್‌ಕುಮಾರರಿಗೆ ಬಂದ ವರ್ಷವೇ. ಬಾಲಸುಬ್ರಹ್ಮಣ್ಯಂ ‘ಏಕ್ ದೂಜೆ ಕೆ ಲಿಯೆ’ಯ ಪ್ರೇಮಗೀತೆಗೂ ಪಡೆದಿದ್ದಾರೆ. ನಿಜ, ಒಪ್ಪಬೇಕು. ಹಾಗಾಗಿ ಜನಪ್ರಿಯ ಹಾಡೆಂದರೆ ತೀರ್ಪುಗಾರರಿಗೆ ಅಸಡ್ಡೆ ಎಂಬ ಸರಳ ಆರೋಪ ನಿಲ್ಲುವುದಿಲ್ಲ. ನಿಲ್ಲುವುದು ಇನ್ನೊಂದು ಮಾತು. ಹಿಂದಿ, ತಮಿಳು ಹಾಡುಗಳು ತಮ್ಮ ಭಾಷೆಯ ಗಡಿ ದಾಟಿ ಓಡಾಡಿದಷ್ಟು ಕನ್ನಡದ ಹಾಡುಗಳು ಓಡಾಡಲಿಲ್ಲ. ನಾನಾ ಭಾಷೆಯವರು ಕೂತ ಮಂಡಳಿಗೆ ತೋಡಿ, ಮಲ್ಹಾರಗಳು ಅನುವಾದವಿಲ್ಲದೆ ತಿಳಿಯುತ್ತವೆ. ‘ಗೆಜ್ಜೆಪೂಜೆ’ಯ ಹುಡುಗಿಯ ನಿಡುಸುಯ್ಲು ತಿಳಿಯಬೇಕಾದರೆ ಕನ್ನಡ ಬರಬೇಕು. ಕನ್ನಡಕ್ಕೆ ರಾಗವೇ ರಹದಾರಿಯಾಯಿತು.

ಇನ್ನು ಬದಿಗಿಟ್ಟ ಸುಬ್ಬಣ್ಣ. ವಕೀಲಿ ವೃತ್ತಿಯ, ಸುಗಮ ಸಂಗೀತದ ಈ ಗಾಯಕನಿಗೆ ಬಹುಮಾನ ತಂದದ್ದು ಶಾಸ್ತ್ರೀಯ ಕೃತಿಯಲ್ಲ, ಚಂದ್ರಶೇಖರ ಕಂಬಾರರ ಜಾನಪದ ಲಯದ ಗೀತೆ. ನನ್ನ ವಾದಕ್ಕೆ ಇದು ಬಾಧಕವೆಂದು ಮೊದಲ ನೋಟಕ್ಕೆ ಅನಿಸೀತು. ಸೂಕ್ಷ್ಮವಾಗಿ ಕೇಳಿದರೆ ಅಲ್ಲಿಯೂ ದನಿ ಯಾವ ನಟನ ಹಿಂದೆಯೂ ಅಡಗುವುದಿಲ್ಲ. ತಾರಕದಲ್ಲಿ ಎದೆಬಿಚ್ಚಿದ, ಕಥೆ ಹೇಳುವವನ ದನಿ ಅದು. ಶಾಸ್ತ್ರೀಯದ ಬದಲು ಜಾನಪದ ಬಂತು, ಮುನ್ನೆಲೆ ಮುನ್ನೆಲೆಯಾಗಿಯೇ ಉಳಿಯಿತು. ಕನ್ನಡದ ಗಾಯಕಿಯರ ಸರದಿ ಬಂದಾಗಲೂ, 2018ರ ‘ನಾತಿಚರಾಮಿ’ಗಾಗಿ ಗೌರವ ಪಡೆದ ಬಿಂದುಮಾಲಿನಿ ಶಾಸ್ತ್ರೀಯ ತಾಲೀಮಿನವರೇ.

ಗೆದ್ದವರ ಯೋಗ್ಯತೆಯನ್ನು ಪ್ರಶ್ನಿಸುವುದು ಹೊಟ್ಟೆಕಿಚ್ಚು ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಯಾರ ಯೋಗ್ಯತೆಯೂ ಇಲ್ಲಿ ಪ್ರಶ್ನೆಯಲ್ಲ. ಕ್ರಮಬದ್ಧ ಶಾಸ್ತ್ರೀಯ ಶಿಕ್ಷಣವಿಲ್ಲದ ಬಾಲಸುಬ್ರಹ್ಮಣ್ಯಂ ಗವಾಯಿಗಳ ಹಾಡನ್ನು ಎತ್ತಿದ್ದು ಸಾಹಸವೇ. ಪ್ರಶಸ್ತಿಯಿಂದ ಏನಾಗಬೇಕು, ಜನ ಹಾಡಿದರೆ ಸಾಲದೆ ಎನ್ನುವ ಉದಾರಿಗಳ ಮಾತು ಹೆಚ್ಚು ಗಂಭೀರವಾದದ್ದು. ಸಾಲುತ್ತಿತ್ತು, ಪಟ್ಟಿಗಳು ಚರಿತ್ರೆಯಾಗದೆ ಇದ್ದಿದ್ದರೆ. ಕೇಳಿದವರ ಪೀಳಿಗೆ ಕಳೆದ ಮೇಲೆ ಉಳಿಯುವುದು ಕಾಗದ. ಕಾಗದವನ್ನಷ್ಟೇ ನಂಬುವ ನಾಳಿನ ಓದುಗನಿಗೆ ಎಪ್ಪತ್ತರ ದಶಕದ ಕನ್ನಡ ಚಿತ್ರಸಂಗೀತವೆಂದರೆ ಕಾರಂತರು, ಬಾಲಮುರಳಿ, ಸುಬ್ಬಣ್ಣ, ಅಷ್ಟೆ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಊರೂರಿನಿಂದ ಕಾರ್ಡು ಬರೆದವರು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರ ಕೈಗೆ ಚೀಟಿ ಕೊಟ್ಟವರು ಬೇರೊಂದು ಪಟ್ಟಿ ತಯಾರಿಸುತ್ತಿದ್ದರು. ಅದಕ್ಕೆ ಮೊಹರಿರಲಿಲ್ಲ.

ಜಾನಕಿಯವರ ನಾಲ್ಕು ರಾಷ್ಟ್ರಪ್ರಶಸ್ತಿಗಳಲ್ಲಿ ತಮಿಳಿನವು ಎರಡು, ಮಲಯಾಳದ್ದು ಒಂದು, ತೆಲುಗಿನದು ಒಂದು. 2013ರ ಜನವರಿಯಲ್ಲಿ ಪದ್ಮಭೂಷಣ ಪ್ರಕಟವಾದಾಗ, ತೀರಾ ತಡವಾಯಿತು, ದಕ್ಷಿಣದ ಕಲಾವಿದರಿಗೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ ಎಂದು ಅವರು ಅದನ್ನು ಬೇಡವೆಂದರು. ಅಭಿಮಾನಿಗಳ ಹಳೆಯ ತಕರಾರು ಆ ದಿನ ಗಾಯಕಿಯ ಬಾಯಲ್ಲೇ ಬಂದಂತಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಪಿ.ಬಿ. ಶ್ರೀನಿವಾಸ್ ಚೆನ್ನೈನಲ್ಲಿ ತೀರಿಕೊಂಡರು. ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದವರ ಸಾಲಿನಲ್ಲಿ ಅವರ ಹೆಸರಿಲ್ಲ.