ನೊರೊನ್ಹಾ ಎಂಬ ಕುಲನಾಮ

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಡಿಸೋಜ, ಪಿಂಟೊಗಳ ನಡುವೆ ‘ನೊರೊನ್ಹಾ’ ಎಂಬ ಹೆಸರನ್ನೂ ಕೇಳುತ್ತೇವೆ. ಈ ಮನೆತನದವರ ಮೂಲ ಯಾವುದು?

ಹೆಸರಿನ ಬೇರು ಸ್ಪೇನ್ ದೇಶದ ಅಸ್ಟೂರಿಯಾಸ್ ಪ್ರಾಂತದ ನೊರೆನ್ಯಾ ಎಂಬ ಊರಿನಲ್ಲಿದೆ. ಅಲ್ಲಿಂದ ಅದು ಪೋರ್ಚುಗಲ್ಲಿಗೆ, ಮುಂದೆ 1510ರಲ್ಲಿ ಪೋರ್ಚುಗೀಸರ ವಶವಾದ ಗೋವಾಕ್ಕೆ, ಕೊನೆಗೆ ಗೋವಾದಿಂದ ವಲಸೆ ಬಂದವರೊಡನೆ ನಮ್ಮಲ್ಲಿಗೆ ಬಂತು. ಹಾಗೆಂದು ಇವರು ಸ್ಪೇನಿನವರೇ? ಗೋವಾದಲ್ಲಿ ಜ್ಞಾನಸ್ನಾನ ಪಡೆದ ಕೊಂಕಣಿಗರಿಗೆ ಜ್ಞಾನಪಿತರ ಇಲ್ಲವೇ ಗುರುಗಳ ಕುಲನಾಮವನ್ನು ಇಡುವ ವಾಡಿಕೆಯಿತ್ತು. ಪ್ರಭು, ಪೈ, ಕಾಮತ್, ಶೆಟ್ ಎಂಬ ಹಳೆಯ ಹೆಸರುಗಳ ನೆನಪು ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ.

ಆದ್ದರಿಂದ ಹೆಸರು ಕೇಳಿದ ಮಾತ್ರಕ್ಕೆ ಯಾರನ್ನೂ ಪರದೇಶಿಯೆಂದು ಕರೆಯದಿರೋಣ. ಯುರೋಪಿನ ರಕ್ತವೆಂದು ನಾವೂ ಬೀಗದಿರೋಣ. ನಮ್ಮ ಕುಲನಾಮ ಹಿರಿಯರ ಜ್ಞಾನಸ್ನಾನದ ಗುರುತು.