ಕೀಬೋರ್ಡಿನ 47 ವಾದ್ಯಗಳಲ್ಲಿ ನಮ್ಮ ಉರುಮೆ ಇಲ್ಲ

ಹಿರೇಗುಂಟನೂರು ಕಡೆಯ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಪೌರಾಣಿಕ ನಾಟಕ ಇಟ್ಟುಕೊಂಡರೆ ಈಗ ರಂಗದ ಪಕ್ಕದಲ್ಲಿ ಕೀಬೋರ್ಡ್ ಇರುವುದು ಮಾಮೂಲು. ಭೀಮ ಗದೆ ಹೊತ್ತು ಬರುವಾಗ ಜನಕ್ಕೆ ಗುಡುಗಿನಂಥ ಸದ್ದು ಬೇಕು. ಸಣ್ಣಗೆ ಶುರುವಾಗಿ, ಪೆಟ್ಟಿಗೆ ಪೆಟ್ಟು ಅಂಟಿಕೊಂಡು ಏರುತ್ತಾ ಹೋಗುವ ಈ ಸದ್ದಿಗೆ ನುಡಿಸುವವರು 'ರೋಲ್' ಎನ್ನುತ್ತಾರೆ. ಪ್ಲಾಸ್ಟಿಕ್ ಕೀಯಿಂದ ಚರ್ಮವಾದ್ಯದ ರೋಲ್ ತೆಗೆಯುವ ವಿದ್ಯೆಗೆ ನಲವತ್ತು ವರ್ಷ ದಾಟಿದ ಚರಿತ್ರೆ ಇದೆ. ಅದರಲ್ಲಿ ನಮ್ಮ ಜಿಲ್ಲೆಯ ವಾದ್ಯವೊಂದಕ್ಕೆ ಮಾತ್ರ ಜಾಗ ಸಿಕ್ಕಿಲ್ಲ.

ಮೊದಲು ಆ ಜಾಗದಲ್ಲಿ ಕೂರುತ್ತಿದ್ದವರು ಹಾರ್ಮೋನಿಯಂ ಮಾಸ್ತರು. 1842ರಲ್ಲಿ ಪ್ಯಾರಿಸ್‌ನ ಡಿಬೈನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. 1875ರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತಿ ನುಡಿಸುವಂತೆ ಬದಲಿಸಿದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಕಂಪನಿ ನಾಟಕಗಳ ಜೊತೆ ಹಾರ್ಮೋನಿಯಂ ಊರೂರು ಸುತ್ತಿತು. ಆದರೆ ಅದು ತಬಲಾದವರ ಕೆಲಸಕ್ಕೆ ಕೈಹಾಕಲಿಲ್ಲ. ಸ್ವರ ಮಾಸ್ತರದು, ಪೆಟ್ಟು ತಬಲಾದವರದು.

ಈ ಪಾಲು ಕೆಟ್ಟದ್ದು 1980ರ ನಂತರ. ಆ ವರ್ಷ ಜಪಾನಿನ ಕ್ಯಾಸಿಯೋ ಕಂಪನಿ ತನ್ನ ಕ್ಯಾಸಿಯೋಟೋನ್ 201 ಕೀಬೋರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಯಾವ ಕಂಪನಿಯ ಕೀಬೋರ್ಡಾದರೂ ನಮ್ಮ ಕಡೆ ಅದಕ್ಕೆ 'ಕ್ಯಾಸಿಯೋ' ಎನ್ನುವವರು ಈಗಲೂ ಇದ್ದಾರೆ. ಅದೇ 1980ರಲ್ಲಿ ಅಮೆರಿಕದ ರೋಜರ್ ಲಿನ್, ನಿಜವಾದ ಡ್ರಮ್ಮಿನ ಪೆಟ್ಟುಗಳನ್ನು ಧ್ವನಿಮುದ್ರಿಸಿ ಯಂತ್ರದೊಳಗೆ ಕೂರಿಸಿದ ಎಲ್‌ಎಂ-1 ತಂದರು. ಒಂದೊಂದೇ ಪೆಟ್ಟು ಕೇಳಿದರೆ ನಿಜವಾದ ಡ್ರಮ್ಮೇ. ಬೇಗ ಬೇಗ ಬಾರಿಸಿದರೆ ಮಾತ್ರ ಹೊಲಿಗೆ ಯಂತ್ರ ಓಡಿದ ಹಾಗೆ.

ಕಾರಣ ಸರಳ. ಮನುಷ್ಯನ ಎಡಗೈ ಪೆಟ್ಟಿಗೂ ಬಲಗೈ ಪೆಟ್ಟಿಗೂ ವ್ಯತ್ಯಾಸ ಇರುತ್ತದೆ. ಕೋಲು ಚರ್ಮದ ಮೇಲೆ ಬೀಳುವ ಜಾಗ ಪ್ರತಿಸಲವೂ ಕೂದಲೆಳೆಯಷ್ಟು ಸರಿಯುತ್ತದೆ. ಹಿಂದಿನ ಪೆಟ್ಟಿನ ನಡುಕ ನಿಲ್ಲುವ ಮೊದಲೇ ಮುಂದಿನದು ಬೀಳುತ್ತದೆ. ಯಂತ್ರವೋ ಒಂದೇ ಪೆಟ್ಟನ್ನು ನೂರು ಸಲ ಒಪ್ಪಿಸುತ್ತದೆ.

1983ರಲ್ಲಿ ಬಂದ ಮಿಡಿ ಪದ್ಧತಿ ಇದಕ್ಕೆ ಅರ್ಧ ಪರಿಹಾರ ಕೊಟ್ಟಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲು ಮಾಡಿಕೊಂಡ ಒಪ್ಪಂದ ಅದು. ಕೀ ಮೇಲೆ ಬೆರಳು ಎಷ್ಟು ಜೋರಾಗಿ ಬಿತ್ತು ಎಂಬುದಕ್ಕೆ ಅದರಲ್ಲಿ 1ರಿಂದ 127ರವರೆಗೆ ಅಂಕ ಇದೆ. 1985ರಲ್ಲಿ ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ ಬಂತು. ಎಂಟು ರಬ್ಬರ್ ಹಲಗೆಗಳ ಮೇಲೆ ಕೋಲಿನಿಂದ ಬಾರಿಸುವ ಸಾಧನ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಇವತ್ತು 'ಪ್ಯಾಡ್' ನುಡಿಸುವವರು ಆ ಸಂತತಿಯವರು.

ಪ್ಯಾಡ್ ಕೊಳ್ಳಲಾಗದ ತಂಡದಲ್ಲಿ ಕೀಬೋರ್ಡಿನವರೇ ರೋಲ್ ತೆಗೆಯಬೇಕು. ಒಂದೇ ಕೀಯನ್ನು ಒಂದೇ ಬೆರಳಲ್ಲಿ ಕುಟ್ಟಿದರೆ ಆಗದು. ಕೀ ಮೇಲೆದ್ದು ಬರುವವರೆಗೆ ಮುಂದಿನ ಪೆಟ್ಟು ಕಾಯಬೇಕು. ಆದ್ದರಿಂದ ಬಲ್ಲವರು ಎರಡು ಕೀ ಹಿಡಿಯುತ್ತಾರೆ. ಡ್ರಮ್ ಕಿಟ್‌ನಲ್ಲಿ 38 ಮತ್ತು 40ನೇ ಸಂಖ್ಯೆಯ ಕೀಗಳೆರಡೂ ಸ್ನೇರ್ ಡ್ರಮ್. ಎರಡೂ ಬಿಳಿ ಕೀ, ಅಕ್ಕಪಕ್ಕ. ಸದ್ದಿನಲ್ಲಿ ತುಸು ಬೇರೆ ಇರುವುದೇ ಇಲ್ಲಿ ಅನುಕೂಲ. ಎರಡೂ ಕೈಯ ಒಂದೊಂದು ಬೆರಳು ಬದಲಿಸುತ್ತಾ, ಹಗುರವಾಗಿ ಶುರುಮಾಡಿ, ಕೊನೆಗೆ ಭಾರ ಹಾಕಬೇಕು. ನಡುವಿನ ಕಪ್ಪು ಕೀಗೆ ಬೆರಳು ತಾಗಿದರೆ ಚಪ್ಪಾಳೆ ಕೇಳುತ್ತದೆ. ದುರ್ಯೋಧನ ಬೀಳುವ ಹೊತ್ತಿಗೆ ಅದು ಚೆನ್ನಾಗಿರುವುದಿಲ್ಲ!

ಈ ಸಂಖ್ಯೆಗಳು ನಿಗದಿಯಾದದ್ದು 1991ರಲ್ಲಿ, 'ಜನರಲ್ ಮಿಡಿ' ಪಟ್ಟಿಯಲ್ಲಿ. ಅದರಲ್ಲಿ 35ರಿಂದ 81ರವರೆಗೆ 47 ತಾಳವಾದ್ಯಗಳ ಸದ್ದಿವೆ. ಸ್ವರವಾದ್ಯಗಳ ಪಟ್ಟಿಯಲ್ಲಿ ನಮ್ಮ ದೇಶದ ಸಿತಾರ್, ಶಹನಾಯಿ ಇವೆ. ತಾಳವಾದ್ಯಗಳಲ್ಲಿ ತಬಲಾ ಇಲ್ಲ, ಮೃದಂಗ ಇಲ್ಲ. ಆದರೆ 78 ಮತ್ತು 79ರಲ್ಲಿ ಬ್ರೆಜಿಲ್ ದೇಶದ ಕುಯಿಕಾ ಇದೆ. ಅದು ಬಡಿಯುವ ವಾದ್ಯವಲ್ಲ, ಉಜ್ಜುವ ವಾದ್ಯ.

ಉಜ್ಜುವ ವಾದ್ಯ ಚಿತ್ರದುರ್ಗ ಜಿಲ್ಲೆಯವರಿಗೆ ಹೊಸದೇ? ಮ್ಯಾಸನಾಯಕರ ದೇವರ ಉತ್ಸವಗಳಲ್ಲಿ ಉರುಮೆ ಕೇಳದವರು ಕಡಿಮೆ. ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದು ಮುಖದ ಮೇಲೆ ಬಾಗಿದ ಕೋಲಿನ ಉಜ್ಜು. ಹುಲಿ ಗುರುಗುಟ್ಟಿದಂತೆ ಸದ್ದು ಏಳುತ್ತದೆ, ಇಳಿಯುತ್ತದೆ. ಗಡಿಯಾಚೆ ಅನಂತಪುರದಲ್ಲಿ ಅದು ಉರುಮು, ತಮಿಳುನಾಡಿನಲ್ಲಿ ಉರುಮಿ. ಬ್ರೆಜಿಲ್‌ನ ಉಜ್ಜುವಾದ್ಯಕ್ಕೆ ಎರಡು ಕೀ ಸಿಕ್ಕವು, ಉರುಮೆಗೆ ಒಂದೂ ಸಿಗಲಿಲ್ಲ. ಪಟ್ಟಿ ಮಾಡಿದವರ ಮುಂದೆ ಅವರ ಪೇಟೆಯ ಹಾಡುಗಳಿದ್ದವು, ನಮ್ಮ ಜಾತ್ರೆಗಳಿರಲಿಲ್ಲ.

ಭಾರತಕ್ಕೆಂದೇ ಮಾಡಿದ ಕೀಬೋರ್ಡುಗಳಲ್ಲಿ ಮುಂದೆ ತಬಲಾ, ಢೋಲಕ್ ಬಂದವು. ನಮ್ಮ ಕಡೆಯ ನಾಟಕಗಳ ಕೀಬೋರ್ಡುಗಳಲ್ಲಿ ಉರುಮೆಯನ್ನು ನಾವು ಕಂಡಿಲ್ಲ. ಎಷ್ಟು ಬೇಗ ಕುಟ್ಟಿದರೂ ಆ ಸದ್ದು ಬರುವುದಿಲ್ಲ, ಏಕೆಂದರೆ ಉರುಮೆಯ ಗುರುಗುಟ್ಟು ಪೆಟ್ಟುಗಳ ಸಾಲಲ್ಲ, ಒಂದೇ ಎಳೆತ. ಹತ್ತಿರ ಹೋಗಲು ಒಂದು ದಾರಿ ಇದೆ. ಕಮಾನಿನಿಂದ ಉಜ್ಜಿ ನುಡಿಸುವ ಕಾಂಟ್ರಾಬಾಸ್ ಸದ್ದಿನ ತಗ್ಗು ಕೀಯೊಂದನ್ನು ಒತ್ತಿಹಿಡಿದು ಪಿಚ್ ಬೆಂಡ್ ಚಕ್ರವನ್ನು ಮೇಲೆ ಕೆಳಗೆ ತಿರುಗಿಸುವುದು. ಉಜ್ಜಿಗೆ ಉಜ್ಜೇ ನೆಂಟ. ಆದರೂ ಅದು ನಕಲೇ.

ಇದರಿಂದ ಏನು ನಷ್ಟ ಎಂದು ನೀವು ಕೇಳಬಹುದು. ಕೀಬೋರ್ಡಿನಲ್ಲಿ ಇಲ್ಲದ ಸದ್ದು ನಾಟಕದಿಂದ ಬಿಟ್ಟುಹೋಗುತ್ತದೆ, ಅದನ್ನು ಕೇಳದೆ ಬೆಳೆದ ಹುಡುಗರು ಅದನ್ನು ಬಯಸುವುದೂ ಇಲ್ಲ. ಕೀಬೋರ್ಡಿನಲ್ಲಿ ಬಂದುಬಿಟ್ಟರೆ ಉರುಮೆಯವರನ್ನು ಕರೆಯುವವರಾರು ಎಂಬ ಭಯವೂ ಸುಳ್ಳಲ್ಲ. ತಬಲಾದವರಿಗೆ ಆದದ್ದನ್ನು ನೋಡಿದ್ದೇವೆ.

ಹಾಗಾಗಿ ಧ್ವನಿಮುದ್ರಣ ಆಗಲಿ, ಉರುಮೆಯವರ ಕೈಯಲ್ಲೇ ಆಗಲಿ. ಮೆಲ್ಲಗೆ, ಹದವಾಗಿ, ಜೋರಾಗಿ ನಾಲ್ಕು ನಾಲ್ಕು ಪೆಟ್ಟು, ಚಿಕ್ಕ ಉಜ್ಜು, ಉದ್ದ ಉಜ್ಜು, ಏರುವುದು, ಇಳಿಯುವುದು. ಒಂದು ಮಧ್ಯಾಹ್ನದ ಕೆಲಸ. ನುಡಿಸಿದವರ ಹೆಸರು ಅದರ ಮೇಲಿರಬೇಕು, ಸಂಭಾವನೆ ಅವರ ಕೈ ಸೇರಬೇಕು. ನಿಮ್ಮೂರಲ್ಲಿ ಉರುಮೆಯವರು ಇದ್ದರೆ ಮೊದಲು ಅವರನ್ನೇ ಕೇಳಿ, ಅವರು ಒಪ್ಪಿದ ಮೇಲೆ ಮೈಕ್ ಇಡಿ.